ಸಿಡಿಲಿಗೆ ದಾರಿ ತೋರಿಸಿ, ಮನೆ ಉಳಿಸಿಕೊಳ್ಳಿ



ನಾವಿರುವ ಕೊಲ್ಲಿ ನಾಡಿನಲ್ಲಿ ಮಳೆ ಅಪರೂಪ, ಗುಡುಗು ಸಿಡಿಲು ಇನ್ನೂ ಅಪರೂಪ. ಹಾಗೆಂದು ಬರುವುದೇ ಇಲ್ಲ ಎನ್ನುವಂತಿಲ್ಲ. ದುಬೈಯಲ್ಲಿ 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ತುದಿಗೆ ಸಿಡಿಲು ಬಡಿಯುತ್ತಿರುವ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಷ್ಟು ದೊಡ್ಡ ಸಿಡಿಲು ಬಡಿದರೂ ಆ ಕಟ್ಟಡದ ಒಳಗಿನವರು ಕ್ಷೇಮವಾಗಿರುತ್ತಾರೆ. ಅಂಥದೇ ಸಿಡಿಲು ಊರಿನ ಒಂದು ಹೆಂಚಿನ ಮನೆಯ ಮೇಲೆ ಬಿದ್ದರೆ ಗೋಡೆ ಬಿರುಕು ಬಿಡಬಹುದು, ಮೀಟರ್ ಬೋರ್ಡ್ ಸುಟ್ಟು ಕರಕಲಾಗಬಹುದು, ಒಳಗಿದ್ದವರ ಜೀವಕ್ಕೂ ಅಪಾಯವಾಗಬಹುದು.

ಏಕೆ ಈ ವ್ಯತ್ಯಾಸ? ಸಿಡಿಲು ಎರಡೂ ಕಡೆ ಒಂದೇ. ಎತ್ತರದ ಕಟ್ಟಡದಲ್ಲಿ ಅದು ನೆಲ ಸೇರಲು ಮೊದಲೇ ದಾರಿ ಮಾಡಿಟ್ಟಿರುತ್ತಾರೆ. ಊರಿನ ಮನೆಯಲ್ಲಿ ಅದು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಸಿಡಿಲನ್ನು ತಡೆಯಲು ಮನುಷ್ಯನಿಂದ ಆಗದು, ಆದರೆ ಅದಕ್ಕೆ ದಾರಿ ತೋರಿಸಲು ಆಗುತ್ತದೆ. ಈ ಪಾಠದ ತಿರುಳು ಇಷ್ಟೇ.

ಈ ಪಾಠ ನಮಗೇಕೆ?

ನಮ್ಮಲ್ಲಿ ಹಲವರ ಮೂಲ ಮನೆ ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದೆ. ಇಲ್ಲಿ ದುಡಿದ ಹಣದಿಂದ ಅಲ್ಲಿ ಮನೆ ಕಟ್ಟಿಸಿದವರಿದ್ದಾರೆ, ಹಳೆಯ ಮನೆಗೆ ಹೊಸ ಮಾಡು ಹಾಕಿಸಿದವರಿದ್ದಾರೆ. ಫ್ರಿಜ್, ಟಿ.ವಿ., ಇನ್ವರ್ಟರ್, ಪಂಪು, ಸಿ.ಸಿ. ಕ್ಯಾಮೆರಾ ಎಂದು ಒಂದೊಂದಾಗಿ ಸೇರಿಸಿದ್ದೇವೆ. ಆ ಮನೆಗಳಲ್ಲಿ ಈಗ ಇರುವವರು ಹೆಚ್ಚಾಗಿ ಅಜ್ಜ ಅಜ್ಜಿ.

ಈಗ ಒಂದು ಲೆಕ್ಕ ನೋಡಿ. ಕರಾವಳಿ, ಮಲೆನಾಡುಗಳಲ್ಲಿ ಗುಡುಗು ಸಿಡಿಲಿನ ಅಬ್ಬರ ಹೆಚ್ಚಾಗಿರುವುದು ಎರಡು ಸಮಯಗಳಲ್ಲಿ: ಮುಂಗಾರಿಗೆ ಮೊದಲು ಏಪ್ರಿಲ್ ಮೇ ತಿಂಗಳುಗಳಲ್ಲಿ, ಮತ್ತು ಮುಂಗಾರು ಹಿಂದೆ ಸರಿಯುವ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ. ನಮ್ಮ ಶಾಲೆಯ ದೊಡ್ಡ ರಜೆ ಜುಲೈ ಆಗಸ್ಟ್‌ನಲ್ಲಿ. ಆಗ ಊರಿನಲ್ಲಿ ಜಡಿಮಳೆ ಸುರಿಯುತ್ತಿದ್ದರೂ ಗುಡುಗು ಕಡಿಮೆ. ನಾವು ನೋಡುವುದು ತಣ್ಣನೆಯ ಮಳೆಗಾಲವನ್ನು. ಸಿಡಿಲಿನ ಸಂಜೆಗಳನ್ನು ಹಿರಿಯರು ಒಬ್ಬರೇ ಎದುರಿಸುತ್ತಾರೆ. ಆದ್ದರಿಂದ ಮನೆಯನ್ನು ಸಿದ್ಧಪಡಿಸುವ ಕೆಲಸವನ್ನು ನಾವು ಊರಿನಲ್ಲಿದ್ದಾಗಲೇ ಮಾಡಿಬರಬೇಕು.

ಇದು ಸಣ್ಣ ವಿಷಯವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳ ಪ್ರಕಾರ 2022ರಲ್ಲಿ ಭಾರತದಲ್ಲಿ ಸಿಡಿಲಿನಿಂದ ಸತ್ತವರು 2,880ಕ್ಕೂ ಹೆಚ್ಚು ಮಂದಿ. ಆ ವರ್ಷ ಪ್ರಕೃತಿ ವಿಕೋಪಗಳಿಂದಾದ ಒಟ್ಟು ಸಾವುಗಳಲ್ಲಿ ಇದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ಸಿಡಿಲು ಎಂದರೇನು?

ಬಿಸಿಯಾದ, ತೇವಭರಿತ ಗಾಳಿ ವೇಗವಾಗಿ ಮೇಲೇರಿದಾಗ ಎತ್ತರವಾದ ಕಾರ್ಮೋಡ ಉಂಟಾಗುತ್ತದೆ. ಅದರೊಳಗೆ ಹಿಮದ ಸಣ್ಣ ಹರಳುಗಳು ಮತ್ತು ಮೆತ್ತನೆಯ ಆಲಿಕಲ್ಲುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಗುರವಾದ ಹರಳುಗಳು ಧನ ವಿದ್ಯುದಾವೇಶ ಪಡೆದು ಮೇಲಕ್ಕೆ ಹೋಗುತ್ತವೆ, ಭಾರವಾದವು ಋಣ ಆವೇಶ ಪಡೆದು ಕೆಳಗೆ ಉಳಿಯುತ್ತವೆ. ಮೋಡದ ತಳದ ಋಣ ಆವೇಶದಿಂದಾಗಿ ಅದರ ಕೆಳಗಿನ ನೆಲದಲ್ಲಿ ಧನ ಆವೇಶ ಸೇರಿಕೊಳ್ಳುತ್ತದೆ. ನಡುವೆ ಇರುವ ಗಾಳಿ ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡದು. ಆವೇಶ ಮಿತಿಮೀರಿದಾಗ ಗಾಳಿಯೂ ಸೋಲುತ್ತದೆ, ಆಗ ವಿದ್ಯುತ್ತು ಹಾಯುತ್ತದೆ. ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ನೆಲಕ್ಕೆ ಬಡಿಯುವುದು ಸಿಡಿಲು. ಮೂರೂ ಒಂದೇ ಘಟನೆಯ ಮೂರು ಮುಖಗಳು.

ಮನೆಯ ಫ್ಯಾನು 230 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್‌ಗಿಂತ ಕಡಿಮೆ ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಒಂದು ಸಾಧಾರಣ ಸಿಡಿಲಿನಲ್ಲಿ ಹರಿಯುವುದು ಸುಮಾರು 30,000 ಆಂಪಿಯರ್. ಅದು ಹಾದುಹೋದ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಇದು ಸೂರ್ಯನ ಮೇಲ್ಮೈಯ ಉಷ್ಣತೆಯ ಸುಮಾರು ಐದು ಪಟ್ಟು. ಕಾದ ಗಾಳಿ ಒಮ್ಮೆಲೇ ಹಿಗ್ಗಿದಾಗ ಆಗುವ ಸದ್ದೇ ಗುಡುಗು.

ಶಬ್ದವು ಒಂದು ಕಿಲೋಮೀಟರ್ ಕ್ರಮಿಸಲು ಸುಮಾರು 3 ಸೆಕೆಂಡು ಬೇಕು. ಮಿಂಚಿಗೂ ಗುಡುಗಿಗೂ 9 ಸೆಕೆಂಡುಗಳ ಅಂತರವಿದ್ದರೆ ಸಿಡಿಲು ಸುಮಾರು 3 ಕಿ.ಮೀ. ದೂರದಲ್ಲಿದೆ ಎಂದು ಅರ್ಥ. ಆದರೆ ಮುಂದಿನ ಸಿಡಿಲು ಎಲ್ಲಿ ಬೀಳುತ್ತದೆಂದು ಈ ಲೆಕ್ಕ ಹೇಳದು. ಗುಡುಗು ಕಿವಿಗೆ ಬಿತ್ತೆಂದರೆ ಒಳಗೆ ಹೋಗುವ ಹೊತ್ತಾಯಿತು ಎಂದೇ ತಿಳಿಯಿರಿ.

ಮನೆಯೊಳಗೆ ಬರುವ ಮೂರು ದಾರಿಗಳು

1. ಮಾಡಿನ ಮೇಲೆ ನೇರವಾಗಿ ಬೀಳುವುದು. ಗುಡ್ಡದ ಮೇಲಿನ ಒಂಟಿ ಮನೆಗೆ, ಸುತ್ತಲಿನ ಎಲ್ಲಕ್ಕಿಂತ ಎತ್ತರವಾದ ಮನೆಗೆ ಈ ಅಪಾಯ ಹೆಚ್ಚು.

2. ತಂತಿಗಳ ಮೂಲಕ ನುಗ್ಗುವುದು. ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ದೂರದ ಕಂಬಕ್ಕೋ ತಂತಿಗೋ ಬಡಿದರೂ ಅದರ ಹೊಡೆತ ತಂತಿಯಲ್ಲೇ ಓಡಿಬರುತ್ತದೆ. ತಂತಿಯ ಹತ್ತಿರ ಎಲ್ಲೋ ನೆಲಕ್ಕೆ ಬಡಿದರೂ ಸಾಕು, ತಂತಿಯಲ್ಲಿ ವೋಲ್ಟೇಜ್ ಒಮ್ಮೆಲೇ ಏರುತ್ತದೆ. ತೋಟದ ಮೇಲೆ ಉದ್ದಕ್ಕೆ ಹಾದುಬರುವ ಕರೆಂಟು ತಂತಿ, ಡಿಶ್ ಕೇಬಲ್, ಬಾವಿಯ ಪಂಪಿಗೆ ಹೋಗುವ ವಯರು ಎಲ್ಲವೂ ಇಂಥ ಬಾಗಿಲುಗಳೇ. ಮನೆಯ ವಸ್ತುಗಳು ಹಾಳಾಗುವುದು ಹೆಚ್ಚಾಗಿ ಈ ದಾರಿಯಿಂದ.

3. ಪಕ್ಕದಿಂದ ಜಿಗಿಯುವುದು. ಗೋಡೆಗೆ ತಾಗಿದಂತಿರುವ ತೆಂಗಿನಮರಕ್ಕೆ ಬಡಿದ ಸಿಡಿಲು ಮರಕ್ಕಿಂತ ಸುಲಭದ ದಾರಿ ಕಂಡರೆ ಮನೆಗೆ ಹಾರುತ್ತದೆ. ಬುಡಕ್ಕೆ ಇಳಿದದ್ದು ನೆಲದಲ್ಲೂ ಹರಡುತ್ತದೆ. ಮರದಡಿ ನಿಂತ ದನಗಳು ಸಾಯುವುದು ಈ ಕಾರಣಕ್ಕೆ: ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವುದರಿಂದ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಮತ್ತೊಂದರಿಂದ ಇಳಿಯುತ್ತದೆ.

ಮೊದಲು ಜೀವ, ಆಮೇಲೆ ವಸ್ತು

ಗುಡುಗು ಕೇಳಿದೊಡನೆ ಗೋಡೆ ಮಾಡುಗಳಿರುವ ಮನೆಯೊಳಗೆ ಬನ್ನಿ. ಬಸ್ ನಿಲ್ದಾಣದ ತಗಡಿನ ಚಪ್ಪರ, ಗದ್ದೆಯ ನಡುವಿನ ತೆರೆದ ಕೊಟ್ಟಿಗೆ, ಒಂಟಿ ಮರ ಇವು ಆಸರೆಯಲ್ಲ. ಮನೆ ದೂರವಿದ್ದರೆ ಕಾರಿನೊಳಗೆ ಕಿಟಕಿ ಏರಿಸಿ ಕುಳಿತುಕೊಳ್ಳಬಹುದು. ಅಲ್ಲಿ ಕಾಯುವುದು ರಬ್ಬರ್ ಚಕ್ರವಲ್ಲ, ಸುತ್ತಲಿನ ಲೋಹದ ಹೊದಿಕೆ. ರಬ್ಬರ್ ಚಪ್ಪಲಿಯಿಂದಲೂ ರಕ್ಷಣೆ ಇಲ್ಲ.

ಮನೆಯೊಳಗೂ ಕೆಲವು ಎಚ್ಚರಿಕೆಗಳಿವೆ. ಸ್ನಾನ, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದನ್ನು ಮುಂದಕ್ಕೆ ಹಾಕಿ. ನಲ್ಲಿ, ಕಿಟಕಿಯ ಸರಳು, ಸ್ವಿಚ್ ಬೋರ್ಡ್‌ಗಳಿಂದ ದೂರವಿರಿ. ಕಾಂಕ್ರೀಟ್ ಗೋಡೆಗೆ ಒರಗಬೇಡಿ, ಅದರೊಳಗೆ ಕಬ್ಬಿಣವಿದೆ. ತಂತಿ ಇರುವ ಫೋನು ಬೇಡ. ಮಳೆ ನೋಡುವ ಆಸೆಯಿಂದ ಜಗಲಿಯಲ್ಲಿ ಕೂರಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆಯೇ ಹೊರಗೆ ಹೋಗಬೇಕು.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅವರನ್ನು ಮುಟ್ಟಲು ಹೆದರಬೇಕಾಗಿಲ್ಲ. ಉಸಿರಾಟ, ನಾಡಿ ನಿಂತಿದ್ದರೆ ತಕ್ಷಣ ಎದೆಯೊತ್ತಿ ಕೃತಕ ಉಸಿರಾಟ ಕೊಡಬೇಕು. ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬೇಕು.

ಮಿಂಚುವಾಹಕದ ಕಥೆ

ಎತ್ತರದಲ್ಲಿ ಲೋಹದ ಸರಳು ನಿಲ್ಲಿಸಿ ಮೋಡದ ವಿದ್ಯುತ್ತನ್ನು ಇಳಿಸಬಹುದೆಂಬ ಯೋಚನೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನದು. ಅವನ ಸಲಹೆಯಂತೆ 1752ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ನಡೆದ ಪ್ರಯೋಗ ಇದನ್ನು ನಿಜವೆಂದು ತೋರಿಸಿತು. ಮರುವರ್ಷ, 1753ರ ಆಗಸ್ಟ್‌ನಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜಾರ್ಜ್ ರಿಚ್‌ಮನ್ ಎಂಬ ವಿಜ್ಞಾನಿ ಇಂಥದೇ ಪ್ರಯೋಗ ಮಾಡುವಾಗ ಸಿಡಿಲು ಬಡಿದು ತೀರಿಕೊಂಡ. ಮೋಡದ ಆವೇಶವನ್ನು ಅಳೆಯಬೇಕೆಂದು ಅವನು ಮಾಡಿನ ಸರಳನ್ನು ನೆಲಕ್ಕೆ ಜೋಡಿಸದೆ ಮನೆಯೊಳಗಿನ ಉಪಕರಣಕ್ಕೆ ತಂದಿದ್ದ. ದಾರಿ ಅರ್ಧಕ್ಕೇ ನಿಂತಿತ್ತು. ನೆಲ ಮುಟ್ಟದ ಸರಳು ಮನೆಯನ್ನು ಕಾಯುವುದಿಲ್ಲ, ಸಿಡಿಲನ್ನು ಒಳಕ್ಕೆ ಕರೆತರುತ್ತದೆ. ಎರಡೂವರೆ ಶತಮಾನಗಳ ಹಿಂದಿನ ಈ ಪಾಠ ಇಂದಿಗೂ ಅಷ್ಟೇ ಸತ್ಯ.

ಅಂಗಡಿಯವರು ಲೈಟ್ನಿಂಗ್ ಅರೆಸ್ಟರ್ ಎಂದು ಕರೆಯುವ ಮಿಂಚುವಾಹಕದಲ್ಲಿ ಮೂರು ಭಾಗಗಳಿವೆ: ಮಾಡಿನ ಮೇಲೆ ಸಿಡಿಲನ್ನು ಹಿಡಿಯುವ ಸರಳು, ಅದನ್ನು ಗೋಡೆಯ ಹೊರಗಿನಿಂದ ಇಳಿಸುವ ತಾಮ್ರದ ಅಥವಾ ಸತುವಿನ ಲೇಪವಿರುವ ಉಕ್ಕಿನ ಪಟ್ಟಿ, ಮತ್ತು ನೆಲದೊಳಗಿನ ಅರ್ತಿಂಗ್. ಇಳಿಯುವ ಪಟ್ಟಿಗಳು ಕನಿಷ್ಠ ಎರಡಿರಬೇಕು, ಮನೆಯ ಎದುರುಬದುರು ಮೂಲೆಗಳಲ್ಲಿದ್ದರೆ ಒಳ್ಳೆಯದು. ಪಟ್ಟಿ ನೇರವಾಗಿ ಇಳಿಯಬೇಕು. ಚೂಪಾಗಿ ಮಡಚಿದರೆ ಸಿಡಿಲು ಆ ಮೂಲೆಯಲ್ಲಿ ಪಟ್ಟಿ ಬಿಟ್ಟು ಗೋಡೆಗೆ ಹಾರಬಹುದು.

ಒಂದು ಸರಳು ಎಷ್ಟು ಜಾಗವನ್ನು ಕಾಯುತ್ತದೆ? ಅದರ ತುದಿಯಿಂದ ಕೊಡೆಯಂತೆ ಕೆಳಕ್ಕೆ ಇಳಿಜಾರು ಗೆರೆ ಎಳೆದುಕೊಳ್ಳಿ. ಹಳೆಯ ಸ್ಥೂಲ ಲೆಕ್ಕದಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ ತುದಿಯಿರುವ ಸರಳು ತನ್ನ ಬುಡದ ಸುತ್ತ ಸುಮಾರು 10 ಮೀಟರ್ ಜಾಗವನ್ನು ಕಾಯುತ್ತದೆ. ಆ ಕೊಡೆಯಿಂದ ಹೊರಗೆ ಚಾಚಿದ ಮಾಡಿನ ಮೂಲೆಗೆ ರಕ್ಷಣೆ ಇಲ್ಲ. ಒಂದೇ ಕಂಬ ಮನೆ, ತೋಟ, ಪಕ್ಕದ ಮನೆ ಎಲ್ಲವನ್ನೂ ಕಾಯುತ್ತದೆ ಎಂದು ಹೇಳಿ ಮಾರುವವರ ಮಾತಿಗೆ ಮರುಳಾಗಬೇಡಿ. ಭಾರತದಲ್ಲಿ ಇದಕ್ಕೆ ಐಎಸ್/ಐಇಸಿ 62305 ಎಂಬ ಮಾನಕವಿದೆ. ಅದರಂತೆ ಕೆಲಸ ಮಾಡಬಲ್ಲವರೇ ಎಂದು ಕೇಳಿ ಕೆಲಸ ಒಪ್ಪಿಸಿ.

ಅರ್ತಿಂಗ್: ಕಣ್ಣಿಗೆ ಕಾಣದ ಕಾವಲುಗಾರ

ಎಲ್ಲ ರಕ್ಷಣೆಯೂ ಕೊನೆಗೆ ನೆಲದಲ್ಲಿ ನಿಲ್ಲುತ್ತದೆ. ಕರಾವಳಿಯ ಮುರಕಲ್ಲಿನ ನೆಲ ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಒಣಗಿದಾಗಲಂತೂ ಇನ್ನೂ ಕಷ್ಟ. ಹಿಂದಿನವರು ಅರ್ತಿಂಗ್ ಗುಂಡಿಗೆ ಇದ್ದಿಲು ಮತ್ತು ಉಪ್ಪು ತುಂಬುತ್ತಿದ್ದುದು, ಬೇಸಿಗೆಯಲ್ಲಿ ನೀರು ಹಾಕುತ್ತಿದ್ದುದು ಇದಕ್ಕಾಗಿಯೇ. ನೆಲ ತೇವವಾಗಿದ್ದಷ್ಟೂ ದಾರಿ ಸುಲಭ.

ಇಲ್ಲೊಂದು ಸೂಕ್ಷ್ಮವಿದೆ. ಏಪ್ರಿಲ್ ಸಿಡಿಲು ಬರುವುದು ನೆಲ ಅತ್ಯಂತ ಒಣಗಿರುವ ಹೊತ್ತಿನಲ್ಲಿ. ನಾವು ಅರ್ತಿಂಗ್ ಪರೀಕ್ಷೆ ಮಾಡಿಸುವುದು ಜುಲೈಯಲ್ಲಿ, ನೆಲ ನೆನೆದು ಮುದ್ದೆಯಾಗಿರುವಾಗ. ಆಗ ಮೀಟರು ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಅದನ್ನು ನಂಬಿ ಕೂರಬಾರದು. ಮಿಂಚುವಾಹಕದ ಅರ್ತಿಂಗ್‌ನ ರೋಧ 10 ಓಮ್‌ಗಿಂತ ಕಡಿಮೆ ಇರಬೇಕೆಂಬುದು ರೂಢಿಯ ಸಲಹೆ. ಜುಲೈಯಲ್ಲೇ ಅದು 9 ಇದ್ದರೆ ಏಪ್ರಿಲ್‌ನಲ್ಲಿ ಮಿತಿ ದಾಟುವುದು ಖಂಡಿತ. ರಜೆಯಲ್ಲಿ ಒಮ್ಮೆ ಅಳೆಸಿ, ಮಾರ್ಚ್ ತಿಂಗಳಲ್ಲಿ ಮತ್ತೊಮ್ಮೆ ಅಳೆಯುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಬನ್ನಿ. ಗುಂಡಿಯಲ್ಲಿ ತುಕ್ಕು ಹಿಡಿದ ಕ್ಲಾಂಪು, ಕಳಚಿದ ಪಟ್ಟಿ ಇದ್ದರೆ ಆಗಲೇ ಸರಿಪಡಿಸಿ.

ಇನ್ನೊಂದು ಮಾತು. ಮಿಂಚುವಾಹಕದ ಅರ್ತಿಂಗ್, ಮನೆಯ ವಯರಿಂಗ್‌ನ ಅರ್ತಿಂಗ್, ಡಿಶ್‌ನ ಅರ್ತಿಂಗ್ ಬೇರೆ ಬೇರೆಯಾಗಿ ನಿಂತರೆ ಸಿಡಿಲಿನ ಕ್ಷಣದಲ್ಲಿ ಅವುಗಳ ನಡುವೆ ಭಾರೀ ವೋಲ್ಟೇಜ್ ವ್ಯತ್ಯಾಸ ಉಂಟಾಗಿ ಕಿಡಿ ಹಾರುತ್ತದೆ. ಒಟ್ಟಿಗೆ ಕಟ್ಟಿದ ದೋಣಿಗಳು ಅಲೆ ಬಂದಾಗ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಇಳಿಯುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಹಾಗೆಯೇ ಎಲ್ಲ ಅರ್ತಿಂಗ್‌ಗಳನ್ನೂ ನೆಲಮಟ್ಟದಲ್ಲಿ ಒಂದಕ್ಕೊಂದು ಜೋಡಿಸಬೇಕು. ಇದು ಅನುಭವವಿರುವ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ, ನಾವು ಕೈಹಾಕುವಂಥದಲ್ಲ.

ಮನೆಯ ವಸ್ತುಗಳನ್ನು ಉಳಿಸುವುದು ಹೇಗೆ?

ಮಿಂಚುವಾಹಕ ಮನೆಯನ್ನು ಕಾಯುತ್ತದೆ, ಟಿ.ವಿ.ಯನ್ನು ಕಾಯುವುದಿಲ್ಲ. ತಂತಿಯಲ್ಲಿ ಬರುವ ಹೊಡೆತಕ್ಕೆ ಬೇರೆಯೇ ಉಪಾಯ ಬೇಕು.

ಎಂಸಿಬಿ ಇದೆಯಲ್ಲ ಎಂದು ಹಲವರು ಧೈರ್ಯವಾಗಿರುತ್ತಾರೆ. ಎಂಸಿಬಿ ಬೀಳಲು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟಾದರೂ ಹೊತ್ತು ಬೇಕು. ಸಿಡಿಲಿನ ಹೊಡೆತ ಅದಕ್ಕಿಂತ ಎಷ್ಟೋ ಮೊದಲೇ ಬಂದು ಹೋಗಿರುತ್ತದೆ. ಸ್ವಿಚ್ ಆಫ್ ಮಾಡಿದರೂ ಸಾಲದು. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್. ಆಕಾಶದಿಂದ ನೆಲದವರೆಗೆ ಗಾಳಿಯನ್ನು ಸೀಳಿಕೊಂಡು ಬಂದದ್ದಕ್ಕೆ ಆ ಅಂತರ ಯಾವ ಲೆಕ್ಕ? ಆದ್ದರಿಂದ ಪ್ಲಗ್ಗನ್ನೇ ಕಿತ್ತಿಡಬೇಕು. ಟಿ.ವಿ.ಯ ಪ್ಲಗ್ ಕಿತ್ತು ಡಿಶ್ ಕೇಬಲ್ ಹಾಗೇ ಬಿಟ್ಟರೆ ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಎರಡನ್ನೂ ತೆಗೆಯಿರಿ. ಮಳೆಗೆ ಮೊದಲು, ದೂರದ ಗುಡುಗು ಕೇಳುವ ಮುಂಚೆಯೇ ತೆಗೆಯಿರಿ. ತಲೆಯ ಮೇಲೆ ಸಿಡಿಲು ಆರ್ಭಟಿಸುವಾಗ ಪ್ಲಗ್ ಮುಟ್ಟಬಾರದು. ಟಿ.ವಿ. ಹೋದರೆ ಹೋಗಲಿ.

ಹಿರಿಯರಿಗೆ ಟಿ.ವಿ.ಯ ಹಿಂದೆ ಬಗ್ಗಿ ಐದಾರು ಪ್ಲಗ್ ಹುಡುಕುವುದು ಕಷ್ಟ. ಟಿ.ವಿ., ಸೆಟ್‌ಟಾಪ್ ಪೆಟ್ಟಿಗೆ, ರೂಟರ್ ಇವುಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ, ಅದರ ಪ್ಲಗ್ ಸೊಂಟದ ಎತ್ತರದಲ್ಲಿ ಕೈಗೆ ಸಿಗುವಂತೆ ಮಾಡಿಕೊಡಿ. ಒಂದು ಪ್ಲಗ್, ಒಂದು ಕೇಬಲ್. ಇಷ್ಟಾದರೆ ಅಜ್ಜಿಯೂ ತೆಗೆಯಬಲ್ಲರು.

ಯಾರೂ ಮನೆಯಲ್ಲಿ ಇಲ್ಲದ ಹೊತ್ತಿಗೆ, ಫ್ರಿಜ್ಜಿನಂತೆ ಸದಾ ಓಡುವ ವಸ್ತುಗಳಿಗೆ, ಮೀಟರ್ ಬೋರ್ಡಿನ ಬಳಿ ಸರ್ಜ್ ಪ್ರೊಟೆಕ್ಟರ್ ಹಾಕಿಸುವುದು ಒಳ್ಳೆಯದು. ಸಾಮಾನ್ಯ ವೋಲ್ಟೇಜ್ ಇರುವಾಗ ಇದು ಸುಮ್ಮನಿರುತ್ತದೆ. ವೋಲ್ಟೇಜ್ ಒಮ್ಮೆಲೇ ಏರಿದರೆ ಹೆಚ್ಚಾದ ವಿದ್ಯುತ್ತನ್ನು ಅರ್ತಿಂಗ್‌ಗೆ ಹರಿಸುತ್ತದೆ. ಅರ್ತಿಂಗ್ ಕೆಟ್ಟಿದ್ದರೆ ಇದೂ ವ್ಯರ್ಥ. ಇದನ್ನು ಬೋರ್ಡಿಗೂ ಅರ್ತಿಂಗ್‌ಗೂ ಜೋಡಿಸುವ ವಯರು ಆದಷ್ಟು ಗಿಡ್ಡವಾಗಿರಬೇಕು. ಹೊಡೆತ ತಿಂದು ತಿಂದು ಇದು ಸವೆಯುತ್ತದೆ. ಹೆಚ್ಚಿನವುಗಳಲ್ಲಿ ಒಂದು ಸಣ್ಣ ಕಿಂಡಿ ಇದ್ದು, ಹಸಿರು ಹೋಗಿ ಕೆಂಪು ಕಂಡರೆ ಬದಲಿಸಬೇಕೆಂದು ಅರ್ಥ.

ನಾವು ಇಲ್ಲಿಂದ ನೋಡಲೆಂದು ಹಾಕಿಸಿದ ಸಿ.ಸಿ. ಕ್ಯಾಮೆರಾಗಳ ಉದ್ದನೆಯ ತಾಮ್ರದ ವಯರುಗಳು, ಸೌರಫಲಕದ ತಂತಿಗಳು, ಗೇಟಿನ ಮೋಟಾರು ಇವನ್ನೂ ಮರೆಯಬೇಡಿ. ಈಗಿನ ಫೈಬರ್ ಇಂಟರ್‌ನೆಟ್‌ನ ಗಾಜಿನ ಎಳೆ ವಿದ್ಯುತ್ತನ್ನು ಹರಿಸದು, ಆದರೆ ರೂಟರಿನ ಅಡಾಪ್ಟರು ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ.

ಮನೆಗೆ ವಿಮೆ ಇದ್ದರೆ ಷರತ್ತುಗಳನ್ನು ಓದಿ. 2021ರ ಏಪ್ರಿಲ್‌ನಲ್ಲಿ ಭಾರತದಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಸಿಡಿಲಿನ ಹಾನಿಯೂ ಸೇರಿದೆ. ಆದರೆ ವಿದ್ಯುತ್ ಉಪಕರಣ ಒಳಗೇ ಸುಟ್ಟುಹೋದರೆ ಪರಿಹಾರವಿಲ್ಲ ಎನ್ನುವ ಷರತ್ತು ಇಂಥ ಪಾಲಿಸಿಗಳಲ್ಲಿ ಇರುವುದುಂಟು. ಕೇಳಿ ತಿಳಿದುಕೊಳ್ಳಿ.

ನಂಬಿಕೆ ಮತ್ತು ನಿಜ

ಒಂದೇ ಜಾಗಕ್ಕೆ ಎರಡು ಸಲ ಸಿಡಿಲು ಬೀಳುವುದಿಲ್ಲ ಎಂಬ ಮಾತು ಸುಳ್ಳು. ಎತ್ತರದ ಕಟ್ಟಡಗಳಿಗೆ ಮತ್ತೆ ಮತ್ತೆ ಬೀಳುತ್ತದೆ. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬುದೂ ನಿಜವಲ್ಲ, ಆದರೆ ಚಾರ್ಜರಿಗೆ ಹಾಕಿದ ಮೊಬೈಲ್ ಹಿಡಿದು ಮಾತನಾಡುವುದು ಅಪಾಯ. ಗುಡುಗುವಾಗ ಅಂಗಳಕ್ಕೆ ಕತ್ತಿ ಎಸೆಯುವ ರೂಢಿ ಕೆಲವು ಮನೆಗಳಲ್ಲಿದೆ. ಅಂಗಳದಲ್ಲಿ ಬಿದ್ದ ಕತ್ತಿ ಮಾಡಿನ ಮೇಲೆ ಬೀಳುವ ಸಿಡಿಲಿಗೆ ದಾರಿಯಾಗದು. ಎಸೆಯಲು ಬಾಗಿಲಿಗೆ ಬರುವುದೇ ಅಪಾಯ. ಅರ್ಜುನನ ಹತ್ತು ಹೆಸರು ಹೇಳುವ ಪದ್ಧತಿಯೂ ಇದೆ. ಹೆದರಿದ ಮಗು ಅಜ್ಜಿಯ ಪಕ್ಕ ಒಳಗೆ ಕುಳಿತು ಆ ಹೆಸರುಗಳನ್ನು ಹೇಳುತ್ತಿದ್ದರೆ ಅದಕ್ಕೆ ಧೈರ್ಯ ಬರುತ್ತದೆ, ಇರಬೇಕಾದ ಜಾಗದಲ್ಲೂ ಇರುತ್ತದೆ. ಅದನ್ನು ನಗುವ ಅಗತ್ಯವಿಲ್ಲ. ಜೊತೆಗೆ ಪ್ಲಗ್ಗೂ ತೆಗೆದಿರಲಿ.

ರಜೆಯ ಚಟುವಟಿಕೆ

ಊರಿಗೆ ಹೋದಾಗ ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು ಇವನ್ನು ಗುರುತಿಸಿ. ಯಾವುದನ್ನೂ ಮುಟ್ಟಬೇಡಿ, ನೋಡಿ ಬರೆಯಿರಿ.

1. ಮನೆಯೊಳಗೆ ಎಷ್ಟು ಕಡೆಯಿಂದ ತಂತಿ ಅಥವಾ ಲೋಹದ ಪೈಪು ಬರುತ್ತದೆ?
2. ಅರ್ತಿಂಗ್ ಗುಂಡಿ ಎಲ್ಲಿದೆ? ಮನೆಯವರಿಗೆ ಅದು ಗೊತ್ತಿದೆಯೇ?
3. ಮಾಡಿನ ಮೇಲೆ ಎತ್ತರವಾದ ವಸ್ತು ಯಾವುದು? ನೀರಿನ ಟ್ಯಾಂಕೇ, ಸೋಲಾರ್ ಹೀಟರೇ, ಡಿಶ್ಶೇ?
4. ಗೋಡೆಗೆ ತೀರ ಹತ್ತಿರ ಎತ್ತರದ ಮರವಿದೆಯೇ?
5. ಗುಡುಗು ಬಂದರೆ ಎಷ್ಟು ಪ್ಲಗ್ ತೆಗೆಯಬೇಕು? ಅಜ್ಜ ಅಜ್ಜಿಗೆ ಅವು ಎಟಕುತ್ತವೆಯೇ?
6. ಮನೆಯ ಯಾವ ಕೋಣೆ ತಂತಿ, ನಲ್ಲಿ, ಕಿಟಕಿಗಳಿಂದ ದೂರವಾಗಿದ್ದು ಕುಳಿತುಕೊಳ್ಳಲು ಕ್ಷೇಮ?

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ರೂಪಿಸಿದ ದಾಮಿನಿ ಎಂಬ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಬಗ್ಗೆ ಎಚ್ಚರಿಕೆ ಕೊಡುತ್ತದೆ. ಅಜ್ಜನ ಮೊಬೈಲಿನಲ್ಲಿ ಅದನ್ನು ಹಾಕಿಕೊಟ್ಟು, ನೋಡುವುದನ್ನು ಹೇಳಿಕೊಡಿ.

ನಕ್ಷೆಯನ್ನು ತಂದೆ ತಾಯಿಗೆ ತೋರಿಸಿ. ಎಲೆಕ್ಟ್ರಿಷಿಯನ್ ಬಂದಾಗ ಅದು ಅವರಿಗೂ ಉಪಯೋಗಕ್ಕೆ ಬರುತ್ತದೆ. ಅಕ್ಟೋಬರ್ ಬರುವಷ್ಟರಲ್ಲಿ ನಾವು ಮರಳಿ ಇಲ್ಲಿರುತ್ತೇವೆ. ಒಂದು ಸಂಜೆ ಊರಿಗೆ ವಿಡಿಯೋ ಕರೆ ಮಾಡಿ ಮಾತನಾಡುತ್ತಿರುವಾಗ ಅಜ್ಜಿಯ ಹಿಂದಿನಿಂದ ಗುಡುಗಿನ ಸದ್ದು ಕೇಳಿಸಿದರೆ ಮಾತು ಬೆಳೆಸಬೇಡಿ. "ಅಜ್ಜಿ, ನೀವು ಒಳಗೆ ಹೋಗಿ ಕುಳಿತುಕೊಳ್ಳಿ, ನಾಳೆ ಮಾತಾಡೋಣ" ಎಂದು ಹೇಳಿ ಫೋನ್ ಇಡಿ. ದೂರದಲ್ಲಿದ್ದು ನಾವು ಮಾಡಬಹುದಾದ ರಕ್ಷಣೆಗಳಲ್ಲಿ ಅದೂ ಒಂದು.